ಲೋಟದಲ್ಲಿ ಇಳಿಯದ ಹಾಲು

ಭದ್ರಾವತಿಯ ಓಲ್ಡ್ ಟೌನಿನಿಂದ ಆ ಬಾಣಂತಿಯನ್ನು ಕರೆತಂದಾಗ ನಾನು ಬೆಳಗಿನ ಪಾಳಿ ಮುಗಿಸಿ, ಚಪ್ಪಲಿ ಮೆಟ್ಟಿಕೊಂಡು, ಗೋಪಾಳದ ಬಸ್ಸಿಗೆ ಹೊರಟಿದ್ದೆ. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ತಾಯಿ-ಮಗುವಿನ ವಾರ್ಡಿಗೆ ನಾನು ಇನ್‌ಚಾರ್ಜ್ ಸಿಸ್ಟರ್. ಬಾಗಿಲಲ್ಲಿ ಮೂವರು ನಿಂತಿದ್ದರು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಮೈಮೇಲೆ ಎರಡು ಸ್ವೆಟರ್ ಹಾಕಿಕೊಂಡು ಗಡಗಡ ನಡುಗುತ್ತಿದ್ದ ಹುಡುಗಿ. ಬಟ್ಟೆಯ ಚೀಲ ಹಿಡಿದ ಅವಳ ಗಂಡ. ಎರಡು ತಿಂಗಳ ಗಂಡುಮಗುವನ್ನು ಎತ್ತಿಕೊಂಡ ಅವಳ ತಾಯಿ. ಯಾರಿಗೆ ಹುಷಾರಿಲ್ಲ ಎಂದು ಕೇಳಿದರೆ ಮೂವರೂ ಮಗುವಿನ ಕಡೆ ಕೈ ತೋರಿಸಿದರು. ಭೇದಿಯಂತೆ. ನಿಲ್ಲಲಾಗದೆ ಗೋಡೆಗೆ ಒರಗಿದ್ದ ಬಾಣಂತಿ ಕೂಡ ಮಗುವಿನ ಕಡೆಯೇ ತೋರಿಸುತ್ತಿದ್ದಳು.

"ಮೊದ್ಲು ನೀನು ಕೂತ್ಕೋ ಮಾರಾಯ್ತಿ," ಅಂದೆ. "ಬಿದ್ರೆ ನಿನ್ನೂ ನಾನೇ ಎತ್ತಬೇಕು."

ಚಪ್ಪಲಿ ಬಿಟ್ಟು ವಾಪಸು ಒಳಗೆ ಬಂದೆ. ಪರದೆ ಎಳೆದು ಸ್ವೆಟರ್ ತೆಗೆಸಿದರೆ ಎಡಗಡೆಯ ಎದೆ ಕೆಂಪಗೆ ಬಾತಿತ್ತು. ಒಳಗೆ ಕೀವಾಗಿರುವುದು ಬೆರಳಿಗೇ ತಿಳಿಯುತ್ತಿತ್ತು. ಇದು ನಮ್ಮ ವಾರ್ಡಿಗೆ ಹೊಸದಲ್ಲ. ಹಾಲು ಕಟ್ಟಿಕೊಳ್ಳುತ್ತದೆ, ಜ್ವರ ಬರುತ್ತದೆ. ಬೇಗ ಬಂದರೆ ಮಾತ್ರೆಯಲ್ಲೇ ವಾಸಿ, ತಡವಾದರೆ ಕೊಯ್ದು ಕೀವು ತೆಗೆಯಬೇಕು. ನನ್ನನ್ನು ದಂಗುಬಡಿಸಿದ್ದು ಬೇರೆ. ಎರಡೂ ಎದೆಗೆ ಹಳೆಯ ಸೀರೆಯ ತುಂಡನ್ನು ಸುತ್ತಿ ಬಿಗಿದು ಕಟ್ಟಿದ್ದರು. ಬಿಚ್ಚಿದರೆ ಒಳಗೆ ಮಲ್ಲಿಗೆ. ಮೊಳಗಟ್ಟಲೆ ಮಲ್ಲಿಗೆ, ಬೆವರಿಗೆ ಬಾಡಿ ಕಂದು ಬಣ್ಣಕ್ಕೆ ತಿರುಗಿತ್ತು.

ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆ ಎನ್ನುವುದು ನಮ್ಮ ಕಡೆ ಹಳಬರಿಗೆಲ್ಲ ಗೊತ್ತು. ಮಗು ಉಳಿಯದ ತಾಯಂದಿರಿಗೆ, ದೊಡ್ಡ ಮಕ್ಕಳಿಗೆ ಹಾಲು ಬಿಡಿಸುವವರಿಗೆ ಕಟ್ಟುತ್ತಾರೆ. ಬತ್ತುವುದೂ ನಿಜ, ನಾನೇ ಎಷ್ಟೋ ಸಲ ಕಂಡಿದ್ದೇನೆ. ಆದರೆ ಎರಡು ತಿಂಗಳ ಹಸುಗೂಸಿನ ತಾಯಿಗೆ ಯಾರಾದರೂ ಕಟ್ಟುತ್ತಾರೆಯೇ?

"ಬಾವು ಇಳೀಲಿ ಅಂತ ನಾನೇ ಕಟ್ಟಿದ್ದು ಸಿಸ್ಟ್ರೇ," ಎಂದರು ಹುಡುಗಿಯ ತಾಯಿ. "ಜ್ವರದ ಹಾಲು ಕೂಸಿಗೆ ಕೊಡಬಾರ್ದಲ್ಲ. ಜ್ವರ ಬಿಟ್ಟ ಮೇಲೆ ಹೂವು ಬಿಚ್ಚಿದ್ರೆ ಹಾಲು ಬರುತ್ತೆ ಅಂತ ಮಾಡಿದ್ದೆ."

"ಅದೇನು ನಲ್ಲೀನಾ ಅಮ್ಮ, ತಿರುಗಿಸಿ ನಿಲ್ಲಿಸಿ, ಬೇಕಾದಾಗ ಮತ್ತೆ ಬಿಟ್ಕೊಳ್ಳಕ್ಕೆ?"

ಅವರು ಓಲ್ಡ್ ಟೌನಿನ ಮಾರುಕಟ್ಟೆಯಲ್ಲಿ ಹೂವು ಕಟ್ಟಿ ಮಾರುವವರು. ಬೇರೆ ಮನೆಯವರಾಗಿದ್ದರೆ ಎರಡು ಮೊಳ ತಂದು ಒಂದು ದಿನ ಕಟ್ಟಿ ಸುಮ್ಮನಾಗುತ್ತಿದ್ದರು. ಇವರ ಮನೆಯಲ್ಲಿ ಹೂವಿಗೇನು ಬರ. ಹತ್ತು ದಿನದಿಂದ, ಬಾಡಿದ ಹಾಗೆಲ್ಲ ಹೊಸ ಮಾಲೆ ಬಿದ್ದಿತ್ತು. ಬಲಗಡೆಯ ಎದೆಗೆ ಏನೂ ಆಗಿರಲಿಲ್ಲ. ಅದಕ್ಕೂ ಮುಂಜಾಗ್ರತೆಗೆ ಕಟ್ಟಿದ್ದರಂತೆ. ಮೆಲ್ಲಗೆ ಹಿಂಡಿ ನೋಡಿದೆ. ಒಂದು ಹನಿಯೂ ಇಲ್ಲ.

ಜ್ವರದ ತಾಯಿ ಮಗುವಿಗೆ ಹಾಲು ಕೊಡಬಹುದು, ಕೊಡಲೇಬೇಕು, ಕೊಡದೆ ಬಿಟ್ಟರೇ ಬಾವು ಹೆಚ್ಚುವುದು ಎಂದು ಅವರಿಗೆ ಹೇಳುವಾಗ ನನ್ನ ದನಿ ಇಡೀ ವಾರ್ಡಿಗೆ ಕೇಳಿಸಿರಬೇಕು. ಆಚೆ ಮಂಚದ ಅಜ್ಜಿಯೊಬ್ಬಳು ತನ್ನ ಸೊಸೆಯ ಮಗುವನ್ನು ಗಡಬಡಿಸಿ ಎದೆಗೆ ಹಾಕಿದಳು. ಹುಡುಗಿಯ ತಾಯಿ, ಆ ಹೂವಿನಮ್ಮ, ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದರು.

ಮಾರನೆಯ ದಿನ ಸರ್ಜನ್ ಎಡಗಡೆ ಕೊಯ್ದು ಕೀವು ತೆಗೆದರು. ಗಾಯದೊಳಗೆ ಗಾಜ್ ಬಟ್ಟೆ ತುಂಬಿ ದಿನವೂ ಡ್ರೆಸ್ಸಿಂಗ್ ಮಾಡಬೇಕಾಯಿತು. ಜ್ವರ ಇಳಿಯಿತು. ತಾಯಿಯ ಚಿಕಿತ್ಸೆ ಹಾದಿಗೆ ಬಂತು, ಮಗುವಿನದು ಬರಲಿಲ್ಲ. ಹೂವು ಕಟ್ಟಿದ ದಿನದಿಂದ ಅದಕ್ಕೆ ಹಸುವಿನ ಹಾಲಿಗೆ ಅರ್ಧಕ್ಕರ್ಧ ನೀರು ಬೆರೆಸಿ ಬಾಟಲಿಯಲ್ಲಿ ಕುಡಿಸಿದ್ದರು. ಹುಟ್ಟುವಾಗಲೇ ಸಣ್ಣಗಿದ್ದ ಮಗು. ಈಗ ತೊಡೆಯ ಚರ್ಮ ಸಡಿಲ ಬಿದ್ದಿತ್ತು. ಮಕ್ಕಳ ಡಾಕ್ಟರು ಕೊಟ್ಟ ಒಂದು ಪುಡಿ ಹಾಲಿಗೆ ಹೊಟ್ಟೆ ಉಬ್ಬಿತು. ಭೇದಿಯ ಮಕ್ಕಳಿಗೆಂದೇ ಇರುವ ಇನ್ನೊಂದನ್ನು ಕೊಟ್ಟಾಗ ಭೇದಿ ಕಡಿಮೆಯಾಯಿತು, ತೂಕ ಮಾತ್ರ ಇಳಿಯುತ್ತಲೇ ಹೋಯಿತು.

"ತಾಯಿ ಹಾಲು ಇದ್ದಿದ್ರೆ ಈ ಪರದಾಟಾನೇ ಇರ್ತಿರಲಿಲ್ಲ," ಎಂದರು ಡಾಕ್ಟರು.

"ಬರಿಸೋಣ ಸರ್," ಅಂದೆ.

ಅವರು ಒಳ್ಳೆಯ ಮನುಷ್ಯ, ನಗಲಿಲ್ಲ. "ಆಪರೇಷನ್ ಆಗಿದೆ, ನಿತ್ರಾಣ ಬೇರೆ ಇದೆ. ಹತ್ತು ದಿನ ಬತ್ತಿದ್ದು ಬರುತ್ತೆ ಅಂತೀರಾ? ಮುಂದಿನ ಗುರುವಾರದ ತನಕ ಪ್ರಯತ್ನ ಮಾಡಿ. ಅಷ್ಟರಲ್ಲಿ ತೂಕ ಏರದಿದ್ರೆ ಮೂಗಿನ ಟ್ಯೂಬಲ್ಲೇ ಹಾಲು ಕೊಡ್ತೀನಿ. ಆಮೇಲೆ ಎದೆ ಹಾಲಿನ ಆಸೆ ಬಿಡಬೇಕು."

ಈ ಮಾತನ್ನು ಬಾಣಂತಿಗೆ ಮುಚ್ಚಿಡದೆ ಹೇಳಿದೆ. "ನಾನು ಎತ್ಕೊಂಡ್ರೆ ಅಳುತ್ತೆ ಸಿಸ್ಟರ್. ಬಾಟ್ಲು ಕಂಡ್ರೆ ನಗುತ್ತೆ," ಎಂದಳು. "ಹಾಲು ನಿಜವಾಗ್ಲೂ ಬರುತ್ತಾ?"

"ಮಗು ಚೀಪಿದ್ರೆ ಬರುತ್ತೆ. ಚೀಪಿದಷ್ಟೂ ಬರುತ್ತೆ."

"ಹಾಲೇ ಇಲ್ದೆ ಅದು ಯಾಕೆ ಚೀಪುತ್ತೆ?"

"ಅಲ್ಲೇ ಇರೋದು ನೋಡು ನಮ್ಮ ಕೆಲಸ."

ಈ ಕೆಲಸಕ್ಕೆ ಬೇಕಾದ ಸಾಮಾನು ಬಹಳ ಕಡಿಮೆ. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಮೂಗಿನಿಂದ ಹೊಟ್ಟೆಗೆ ಇಳಿಸುವ ತೆಳುವಾದ ಟ್ಯೂಬು, ಒಂದು ಸ್ಟೀಲ್ ಲೋಟ, ಅಂಟಿಸಲು ಕಾಗದದ ಟೇಪು. ಟ್ಯೂಬಿನ ಒಂದು ತುದಿ ಲೋಟದ ಹಾಲಿನಲ್ಲಿ ಮುಳುಗಿರುತ್ತದೆ. ಇನ್ನೊಂದು ತುದಿಯನ್ನು ಎದೆಯ ಮೇಲೆ, ತೊಟ್ಟಿನವರೆಗೆ ಬರುವಂತೆ ಅಂಟಿಸುತ್ತೇವೆ. ಮಗು ಎದೆಯನ್ನೂ ಟ್ಯೂಬನ್ನೂ ಒಟ್ಟಿಗೆ ಬಾಯಿಗೆ ತೆಗೆದುಕೊಂಡು ಚೀಪಿದರೆ ಲೋಟದ ಹಾಲು ಬಾಯಿಗೆ ಬರುತ್ತದೆ. ಮಗುವಿನ ಪಾಲಿಗೆ ಅಮ್ಮನೇ ಕೊಟ್ಟ ಹಾಗೆ. ಅತ್ತ ಎದೆಗೂ, ಚೀಪುವವರಿದ್ದಾರೆ, ಹಾಲು ಬೇಕಂತೆ ಎಂಬ ಸುದ್ದಿ ಮುಟ್ಟುತ್ತದೆ. ಲೋಟವನ್ನು ಮೇಲೆತ್ತಿದರೆ ಹಾಲು ಸಲೀಸಾಗಿ ಹರಿಯುತ್ತದೆ, ಕೆಳಗಿಳಿಸಿದರೆ ಮಗು ಕಷ್ಟಪಟ್ಟು ಎಳೆಯಬೇಕು. ಸಲೀಸಾಗಿ ಸಿಕ್ಕರೆ ಮಗು ಸೋಮಾರಿಯಾಗುತ್ತದೆ. ಎಳೆದರೂ ಸಿಗದಿದ್ದರೆ ರೇಗಿ ಬಿಟ್ಟುಬಿಡುತ್ತದೆ. ಈ ಎರಡರ ನಡುವೆ ಲೋಟ ಹಿಡಿಯುವುದರಲ್ಲೇ ಇಡೀ ವಿದ್ಯೆ ಇದೆ.

ಮೊದಲು ಬಾಟಲಿ ತೆಗೆಸಿದೆ. ರಬ್ಬರಿನ ತೊಟ್ಟಿನ ರುಚಿ ಹತ್ತಿದ ಮಗುವಿಗೆ ಎದೆ ಹಿಡಿಯುವುದು ಮರೆತೇ ಹೋಗಿರುತ್ತದೆ. ಅದರ ಬದಲು ಒಳಲೆಯಲ್ಲಿ, ಆ ಮೂತಿಯ ಪುಟ್ಟ ಬಟ್ಟಲಲ್ಲಿ, ಕುಡಿಸಬೇಕು ಎಂದೆ. ಮಗುವಿನ ಬಟ್ಟೆ ಬಿಚ್ಚಿ ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿ ಮೇಲೊಂದು ದುಪ್ಪಟಿ ಹೊದಿಸಿದೆ. ಹೊಟ್ಟೆ ತೀರಾ ಹಸಿದು ರಂಪ ಮಾಡುವ ಮೊದಲೇ, ಇನ್ನೂ ಬಾಯಿ ಚಪ್ಪರಿಸುವಾಗಲೇ ಬಲಗಡೆಗೆ ಹಚ್ಚಿದೆವು.

ಅಬ್ಬಾ, ಅದರ ಆರ್ಭಟವೇ. ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ, ಮುಷ್ಟಿ ಕಟ್ಟಿ, ಅಮ್ಮನ ಮೈಯನ್ನು ಕಾಲಿನಿಂದ ಒದ್ದು ಅತ್ತಿತು. ಟೇಪು ಅಂಟಲಿಲ್ಲ. ಬಾಣಂತಿಯ ಮೈಗೆ ಮನೆಯಲ್ಲಿ ದಿನವೂ ಹರಳೆಣ್ಣೆ ಹಚ್ಚಿ ನೀರು ಹಾಕಿದ್ದರಿಂದ ಚರ್ಮವೆಲ್ಲ ಎಣ್ಣೆ. ಸೋಪಿನ ನೀರಿನಲ್ಲಿ ಒರೆಸಿ ಒಣಗಿಸಿ ಮತ್ತೆ ಅಂಟಿಸಿದೆ. ಈ ಸಲ ಟ್ಯೂಬು ನಿಂತಿತು, ಮಗು ನಿಲ್ಲಲಿಲ್ಲ. ಕೊನೆಗೆ ಸಿರಿಂಜಿನಿಂದ ಎದೆಯ ಮೇಲೆ ಹನಿ ಹನಿ ಹಾಲು ಬಿಟ್ಟೆ. ಆ ಹನಿ ತುಟಿಗೆ ತಾಗಿದಾಗ ಒಂದು ಗಳಿಗೆ ಅಳು ನಿಲ್ಲಿಸಿ ನೆಕ್ಕಿತು. ಮೊದಲ ದಿನ ನಮಗೆ ಸಿಕ್ಕ ಲಾಭ ಅಷ್ಟೇ.

ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಹಿಡಿಯತೊಡಗಿತು. ಆದರೆ ನಾಲ್ಕು ಸಲ ಚೀಪಿ ಬಿಡುವುದು, ಮುಖ ಹಿಂಡುವುದು, ಅಳುವುದು. ನನ್ನ ಪಾಳಿಯಲ್ಲಿ ಚೆನ್ನಾಗಿ ಹಿಡಿದರೆ ಮುಂದಿನ ಪಾಳಿಯಲ್ಲಿ ಒಲ್ಲೆ ಅನ್ನುವುದು. ಬಾಣಂತಿ ಒಂದು ಕೈಯಲ್ಲಿ ಮಗು ಹಿಡಿಯಬೇಕು, ಇನ್ನೊಂದರಲ್ಲಿ ಎದೆ ಹಿಡಿಯಬೇಕು. ಎಡಗಡೆಯ ಗಾಯ ಎಳೆದರೆ ಹಲ್ಲು ಕಚ್ಚುತ್ತಿದ್ದಳು. ಲೋಟ ಹಿಡಿಯಲು ಅವಳಿಗೆ ಮೂರನೆಯ ಕೈಯಿಲ್ಲ. ಗಂಡ ಬಂದು ಹಿಡಿಯಲಿ ಎಂದರೆ ಹೆಂಗಸರ ವಾರ್ಡಿನಲ್ಲಿ ಗಂಡಸರನ್ನು ಹೊತ್ತಿಲ್ಲದ ಹೊತ್ತಿನಲ್ಲಿ ಬಿಡುವಂತಿಲ್ಲ. ಹೊಳೆಹೊನ್ನೂರಿನ ಗೊಬ್ಬರದ ಅಂಗಡಿಯಲ್ಲಿ ಅವನ ಕೆಲಸ. ಸಂಜೆ ಬಂದು ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದ. ಹೋಗುವಾಗ ತಪ್ಪದೆ ಒಂದು ಮಾತು ಹೇಳುತ್ತಿದ್ದ: "ನಮ್ಮತ್ತೆ ಮಗು ಹತ್ರ ಬರೋದು ಬೇಡ ಸಿಸ್ಟರ್."

ಅತ್ತೆ ಬರುತ್ತಲೂ ಇರಲಿಲ್ಲ. ವಾರ್ಡಿನ ಹೊರಗೆ, ಮೆಟ್ಟಿಲ ಪಕ್ಕ ಚಾಪೆ ಹಾಸಿಕೊಂಡು ಕೂತಿದ್ದರು. ಊಟದ ಡಬ್ಬಿಯನ್ನು ಬಾಗಿಲ ಹತ್ತಿರ ಆಯಾ ಕೈಗೆ ಕೊಟ್ಟು ಮತ್ತೆ ಚಾಪೆಗೆ ಮರಳುತ್ತಿದ್ದರು.

ಸೋಮವಾರದ ತೂಕದಲ್ಲಿ ಇನ್ನಷ್ಟು ಇಳಿದಿತ್ತು. ಡಾಕ್ಟರು ನನ್ನ ಮುಖ ನೋಡಿ ಮುಂದಿನ ಮಂಚಕ್ಕೆ ಹೋದರು. ಅಂದೇ ಮಧ್ಯಾಹ್ನ ಹಾಸಿಗೆ ಬದಲಿಸುವಾಗ ದಿಂಬಿನ ಕೆಳಗಿನಿಂದ ಬಾಟಲಿ ಉರುಳಿತು. ತಳದಲ್ಲಿ ಹಾಲು ಇನ್ನೂ ಬೆಚ್ಚಗಿತ್ತು. ನನ್ನ ಪಿತ್ತ ನೆತ್ತಿಗೇರಿತು. ಯಾರ ಕೆಲಸ ಅಂತ ಕೇಳುವ ಅಗತ್ಯವೇ ಕಾಣಲಿಲ್ಲ. ಬಾಟಲಿ ಹಿಡಿದು ಮೆಟ್ಟಿಲ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದೆ.

"ಅಮ್ಮ ಅಲ್ಲ ಸಿಸ್ಟರ್," ಎಂದಳು ಬಾಣಂತಿ ಹಿಂದಿನಿಂದ. "ನಾನೇ. ಅದು ಅಳೋದು ನನ್ನ ಕೈಲಿ ನೋಡಕ್ಕಾಗಲ್ಲ. ಅಮ್ಮಂಗೆ ಹೇಳಿದ್ದಕ್ಕೆ, ಸಿಸ್ಟರ್ ಬೇಡ ಅಂದಿದಾರೆ, ತರಲ್ಲ ಅಂದ್ಬಿಟ್ರು. ಆಯಾ ಕಾಲು ಹಿಡ್ದು ತರಿಸ್ಕೊಂಡೆ."

ಅಷ್ಟು ಹೇಳಿ ಅಳತೊಡಗಿದಳು. ವಾಪಸು ಬಂದೆ. ಪಕ್ಕದಲ್ಲಿ ಕೂತೆ. ನಾನು ಯಾವಾಗಲೂ ಟ್ಯೂಬು, ಟೇಪು, ತೂಕ ಅಂತಿದ್ದೆನೇ ಹೊರತು, ಹೆತ್ತ ಮಗು ತನ್ನನ್ನು ಬೇಡ ಅನ್ನುವುದನ್ನು ದಿನಕ್ಕೆ ಎಷ್ಟೋ ಸಲ ಸಹಿಸುತ್ತಾ ಈ ಹುಡುಗಿ ಒಂಟಿಯಾಗಿದ್ದಾಳೆ ಎನ್ನುವುದು ಆಗ ಹೊಳೆಯಿತು. ನಮ್ಮ ನರ್ಸ್ ಹುಡುಗಿಯರು ಪಾಳಿಗೊಬ್ಬರು ಬಂದು ಲೋಟ ಹಿಡಿಯುತ್ತಾರೆ. ಒಬ್ಬಳು ಭುಜದ ಎತ್ತರಕ್ಕೆ, ಇನ್ನೊಬ್ಬಳು ತೊಡೆಯ ಮೇಲೆ. ಪಕ್ಕದ ಮಂಚದವರು ಕೂಗಿದರೆ ಲೋಟವನ್ನು ಸ್ಟೂಲಿನ ಮೇಲಿಟ್ಟು ಓಡುತ್ತಾರೆ. ಅವರ ತಪ್ಪಲ್ಲ, ಇರುವ ಜನಕ್ಕೆ ಕೆಲಸ ಮೈತುಂಬ. ಈ ಮಗುವಿಗೆ ಪ್ರತಿ ಸಲವೂ ಒಂದೇ ಕೈ ಬೇಕಿತ್ತು, ಈ ಹುಡುಗಿಗೆ ಪಕ್ಕದಲ್ಲಿ ಒಂದು ಮುಖ ಬೇಕಿತ್ತು.

ಹೊರಗೆ ಹೋದೆ. ಹೂವಿನಮ್ಮ ಚಾಪೆಯ ಮೇಲೆ ಹೂವು ಕಟ್ಟುತ್ತಿದ್ದರು. ಆಸ್ಪತ್ರೆಗೆ ಬಂದವರಿಗೆ ಮಾರಲು ಯಾರೋ ಸೇವಂತಿಗೆ ತಂದುಕೊಟ್ಟಿದ್ದರು. ಕಣ್ಣು ವಾರ್ಡಿನ ಬಾಗಿಲ ಮೇಲಿತ್ತು. ಬೆರಳುಗಳು ತಮ್ಮ ಪಾಡಿಗೆ ಹೂವು ಎತ್ತಿ, ನಾರು ಸುತ್ತಿ, ಗಂಟು ಎಳೆಯುತ್ತಿದ್ದವು. ಒಮ್ಮೆಯೂ ಕೆಳಗೆ ನೋಡಲಿಲ್ಲ. ನಾನು ಬಂದದ್ದು ಕಂಡು ಎದ್ದು ನಿಂತರು.

"ಸೋಪು ಹಾಕಿ ಮೊಣಕೈ ತನಕ ಕೈ ತೊಳ್ಕೊಂಡು ಒಳಗೆ ಬನ್ನಿ ಅಮ್ಮ. ಕೆಲಸ ಇದೆ."

"ನಾನ್ಯಾಕೆ ಸಿಸ್ಟ್ರೇ. ಅಳಿಯಂದ್ರು ಬೇಡ ಅಂದವ್ರೆ. ನನ್ನ ಕೈಗುಣನೇ ಸರಿ ಇಲ್ಲ."

"ಅದನ್ನ ನಾನು ನೋಡ್ತೀನಿ. ಬನ್ನಿ."

ಸಂಜೆ ಅಳಿಯ ಬಂದವನು ಅತ್ತೆಯ ಕೈಯಲ್ಲಿ ಲೋಟ ಕಂಡು ಕೆಂಡವಾದ. "ಹಾಳು ಮಾಡಿದವ್ರ ಕೈಗೇ ಕೊಟ್ಟಿದೀರಲ್ಲ ಸಿಸ್ಟರ್," ಎಂದು ನನ್ನನ್ನು ಹೊರಗೆ ಕರೆದು ಕೇಳಿದ.

"ಕೊಟ್ಟೆ. ಮಗುಗೆ ಹಸಿವಾದಾಗೆಲ್ಲ, ಹಗಲೂ ರಾತ್ರಿ, ಕೈ ಅಲ್ಲಾಡಿಸ್ದೆ ಹಿಡಿಯೋರು ಬೇರೆ ಯಾರಾದ್ರೂ ಇದ್ರೆ ಕರ್ಕೊಂಡು ಬಾ, ಇವ್ರನ್ನ ಕಳಿಸ್ತೀನಿ. ಕೋಪ ಇದ್ರೆ ಮನೇಲಿ ಇಟ್ಕೋ ಮಾರಾಯ. ಇಲ್ಲಿ ನಂಗೆ ಬೇಕಾಗಿರೋದು ಕೈ."

ಅವನು ಒಳಗೆ ಹೋಗಿ, ಅತ್ತೆಯನ್ನು ಮಾತಾಡಿಸದೆ, ಅವರು ಕೂತಿದ್ದ ಸ್ಟೂಲಿನ ಪಕ್ಕಕ್ಕೆ ಬೆನ್ನು ಒರಗಿಸುವ ಕುರ್ಚಿಯೊಂದನ್ನು ತಂದಿಟ್ಟ.

ಹೂವಿನಮ್ಮನಿಗೆ ಹೆಚ್ಚು ಕಲಿಸಬೇಕಾಗಲಿಲ್ಲ. ಮಗು ಎಳೆದೆಳೆದು ಸುಸ್ತಾದಾಗ ಲೋಟವನ್ನು ಬೆರಳಷ್ಟು ಎತ್ತಬೇಕು, ಮತ್ತೆ ಉಮೇದು ಬಂದಾಗ ಇಳಿಸಬೇಕು, ಕಣ್ಣು ಮಗುವಿನ ಗಂಟಲ ಮೇಲಿರಬೇಕು ಎಂದೆ. ಅವರ ಕೈ ತಾನಾಗಿ ಏರುತ್ತಿತ್ತು, ತಾನಾಗಿ ಇಳಿಯುತ್ತಿತ್ತು. ಮೊದಲ ಎರಡು ಸಲ ತಾಯಿಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೂರನೆಯ ಸಲ ಮಗು ಕಿರುಚಿ ತಲೆ ತಿರುಗಿಸಿದಾಗ ಮಗಳು, "ಸಾಕು ಬಿಡಮ್ಮ, ನನ್ನ ಕೈಲಿ ಆಗಲ್ಲ," ಎಂದಳು.

"ನೀನೂ ಹಿಂಗೇ ಕಿರುಚ್ತಿದ್ದೆ," ಎಂದರು ತಾಯಿ, ಲೋಟ ಇಳಿಸದೆ. "ಅಂಗಡಿ ಮುಂದೆ ಕೂತ್ಕೊಂಡ್ರೆ ಇಡೀ ಪ್ಯಾಟೆ ತಿರುಗಿ ನೋಡ್ತಿತ್ತು. ನಾನೇನು ಎದ್ದು ಹೋದ್ನಾ?"

ಮಗಳಿಗೆ ಅಳುವಿನ ನಡುವೆಯೇ ನಗು ಬಂತು. ನಗುವಾಗ ಅವಳ ಹೆಗಲು ಸಡಿಲವಾಯಿತು. ಆ ಸಡಿಲದಲ್ಲಿ ಮಗು ಸರಿಯಾಗಿ ಬಾಯಿ ಅಗಲಿಸಿ ಹಿಡಿಯಿತು. ಅವತ್ತಿನಿಂದ ಲೋಟ ಪೂರ್ತಿ ಬರಿದಾಗುವ ತನಕ ಬಿಡದೆ ಚೀಪತೊಡಗಿತು. ಮಂಗಳವಾರದ ತೂಕ ಇಳಿಯಲಿಲ್ಲ, ಏರಲೂ ಇಲ್ಲ. ಬಲಗಡೆ ಹಿಂಡಿ ನೋಡಿದರೆ ತೊಟ್ಟಿನ ತುದಿಯಲ್ಲಿ ಪಸೆಯಂಥದ್ದೇನೋ ಮಿನುಗಿತು. ಬೆವರೋ ಹಾಲೋ ಹೇಳುವಂತಿರಲಿಲ್ಲ. ನಾನು ಯಾರಿಗೂ ಹೇಳಲಿಲ್ಲ.

ಬುಧವಾರ ಮಧ್ಯಾಹ್ನ ನಾನು ಇನ್ನೊಂದು ಮಂಚದಲ್ಲಿ ಡ್ರಿಪ್ ಏರಿಸುತ್ತಿದ್ದೆ. ಪರದೆಯ ಆಚೆಯಿಂದ ಹೂವಿನಮ್ಮ ಕರೆದರು.

"ಸಿಸ್ಟ್ರೇ, ಈ ಟೂಬು ಕೆಟ್ಟೈತೆ. ಆಗಿಂದ ನೋಡ್ತಾ ಇದೀನಿ, ಲೋಟದಲ್ಲಿ ಹಾಲು ಇಳೀತಾನೇ ಇಲ್ಲ."

"ಬಂದೆ ಇರಿ," ಅಂದೆ, ಸ್ವಲ್ಪ ಬೇಸರದಲ್ಲೇ. ಪುಡಿಯ ಗಂಟು ಸಿಕ್ಕಿಕೊಂಡು ಟ್ಯೂಬು ಕಟ್ಟುವುದುಂಟು. ತೆಗೆದು ತೊಳೆದು ಮತ್ತೆ ಅಂಟಿಸಬೇಕು. ಅಷ್ಟರಲ್ಲಿ ಮಗು ಕೆರಳಿ ಎದೆ ಬಿಟ್ಟರೆ ಈ ಹೊತ್ತಿನ ಶ್ರಮವೆಲ್ಲ ದಂಡ. ಹೋಗಿ ನೋಡಿದೆ. ಟ್ಯೂಬು ಕಟ್ಟಿರಲಿಲ್ಲ. ಟೇಪಿನ ಅಡಿಯಲ್ಲಿ ಮಡಿಸಿಕೊಂಡು ಚಪ್ಪಟೆಯಾಗಿತ್ತು. ಅದರೊಳಗೆ ಹನಿ ಹಾಲೂ ಹಾಯುವಂತಿರಲಿಲ್ಲ. ಲೋಟದಲ್ಲಿ ಹಾಕಿದ ಹಾಲು ಹಾಕಿದಂತೆಯೇ ಇತ್ತು.

ಟೇಪು ಕೀಳಲು ಕೈ ಚಾಚಿದವಳು ಹಾಗೇ ನಿಂತೆ.

ಮಗು ಅಳುತ್ತಿರಲಿಲ್ಲ. ಕಣ್ಣು ಅರೆ ಮುಚ್ಚಿತ್ತು. ದವಡೆ ಆಡುತ್ತಿತ್ತು. ಎರಡು ಸಲ ಚೀಪಿ, ಒಂದು ಗಳಿಗೆ ನಿಂತು, ಗಂಟಲು ಗುಟುಕ್ಕೆಂದಿತು. ಮತ್ತೆ ಎರಡು ಸಲ, ಮತ್ತೆ ಗುಟುಕು. ಬರಿಯ ಬಾಯಿ ಚೀಪುವ ಮಗುವಿನ ಗಂಟಲು ಹಾಗೆ ಆಡುವುದಿಲ್ಲ. ಅದು ನುಂಗುತ್ತಿತ್ತು. ಲೋಟದಿಂದ ಏನೂ ಬಾರದಿದ್ದರೂ ನುಂಗುತ್ತಲೇ ಇತ್ತು.

"ಎಷ್ಟು ಹೊತ್ತಾಯ್ತು ಹಚ್ಚಿ?" ಎಂದು ಪಿಸುಗುಟ್ಟಿದೆ.

"ಆಗಲೇ ಹಚ್ಚಿದ್ದಲ್ವಾ. ಯಾಕೆ ಸಿಸ್ಟರ್, ಏನಾಯ್ತು?" ಬಾಣಂತಿ ಗಾಬರಿಯಾದಳು. "ಎದೆ ಒಳಗೆ ಜುಮ್ಮ್ ಅಂತಾ ಇದೆ. ಮತ್ತೆ ಕೀವಾಯ್ತಾ?"

"ಕೀವಲ್ಲ ಹುಚ್ಚಿ, ಹಾಲು," ಅಂದೆ. "ನಿನ್ನ ಹಾಲು ಕುಡೀತಾ ಇದೆ ಅದು."

ಅವಳು ಮಗುವನ್ನು ನೋಡಿದಳು, ನನ್ನನ್ನು ನೋಡಿದಳು. ಮಗುವಿನ ಬಾಯಿಯ ಮೂಲೆಯಲ್ಲಿ ತೆಳು ಬಿಳಿ ಗೆರೆಯೊಂದು ಗಲ್ಲಕ್ಕೆ ಇಳಿಯುತ್ತಿತ್ತು. ಅದನ್ನು ಬೆರಳಿನಿಂದ ಒರೆಸಿ, ಆ ಬೆರಳನ್ನು ಹಿಡಿದುಕೊಂಡೇ ಕೂತಳು. ಆಮೇಲೆ ತಾಯಿಯ ಭುಜಕ್ಕೆ ಹಣೆ ಹಚ್ಚಿ ಜೋರಾಗಿ ಅತ್ತಳು. ನನಗೂ ಕಣ್ಣು ತುಂಬಿ ಬಂತು, ಮುಚ್ಚಿಡಲು ಹೋಗಲಿಲ್ಲ. ವರ್ಷಗಟ್ಟಲೆ ಇದೇ ವಾರ್ಡಿನಲ್ಲಿ ಇದ್ದೇನೆ, ಅಷ್ಟು ಖುಷಿಯಾದದ್ದು ಕಡಿಮೆ.

ಹೂವಿನಮ್ಮ ಮಾತ್ರ ಲೋಟ ಹಿಡಿದೇ ಇದ್ದರು.

"ಇನ್ನು ಇಳಿಸಿ ಅಮ್ಮ."

"ಇಳಿಸಿದ್ರೆ ನಿಂತೋದ್ರೆ?"

"ಲೋಟಕ್ಕೂ ಅದಕ್ಕೂ ಈಗ ಸಂಬಂಧನೇ ಇಲ್ಲ. ಇಳಿಸಿ."

ನಂಬಿಕೆ ಬಾರದೆ ನಿಧಾನವಾಗಿ ತೊಡೆಯ ಮೇಲೆ ಇಳಿಸಿದರು. ಮಗು ಕುಡಿಯುತ್ತಲೇ ಇತ್ತು. ಲೋಟವನ್ನು ನೆಲಕ್ಕಿಟ್ಟರು. ಕುಡಿಯುತ್ತಲೇ ಇತ್ತು. ಆಗ ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, "ಶಿವನೇ, ಶಿವನೇ," ಎನ್ನುತ್ತಾ ಕೂತುಬಿಟ್ಟರು. ಬೆರೆಸಿದ ಪುಡಿ ಹಾಲನ್ನು ಹೆಚ್ಚು ಹೊತ್ತು ಇಡುವಂತಿಲ್ಲ. ಲೋಟ ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿದೆ.

ಹಾಗೆಂದು ಅವತ್ತೇ ಲೋಟ ಬಿಡಲಿಲ್ಲ. ಬಂದ ಹಾಲು ಹೊಟ್ಟೆಗೆ ಸಾಲುವಷ್ಟಿರಲಿಲ್ಲ. ಕೆಲವು ಸಲ ಟ್ಯೂಬು ಬೇಕಾಗುತ್ತಿತ್ತು, ಕೆಲವು ಸಲ ಬೇಡವಾಗುತ್ತಿತ್ತು. ಗುರುವಾರ ಬೆಳಿಗ್ಗೆ ತೂಕದ ಹೊತ್ತಿಗೆ ಡಾಕ್ಟರು ತಾವೇ ಬಂದು ನಿಂತರು. ಬಟ್ಟೆ ಬಿಚ್ಚಿ ಮಲಗಿಸಿದೆ. ಅಂಕಿ ಅತ್ತಿತ್ತ ಓಡಾಡಿ ನಿಂತಿತು. ಏರಿತ್ತು. ಅವರು ಮಗುವನ್ನು ಎತ್ತಿ ಮತ್ತೆ ಮಲಗಿಸಲು ಹೇಳಿದರು. ಮತ್ತೆ ಅದೇ ಅಂಕಿ. "ಸರಿ ಸಿಸ್ಟರ್, ಮೂಗಿನ ಟ್ಯೂಬು ಬೇಡ," ಎಂದು ಬಾಣಂತಿಯ ಕಡೆ ತಿರುಗಿ, "ಗೆದ್ದೆಯಲ್ಲಮ್ಮ," ಎಂದರು. ಅವಳು ನಾಚಿಕೊಂಡು ಮಗುವಿನ ಟೋಪಿ ಸರಿಮಾಡಿದಳು.

ಸಂಜೆ ಗಂಡ ಬಂದಾಗ ಅವಳೇ ಸುದ್ದಿ ಹೇಳಿದಳು. ಅವನು ಮಗುವಿನ ಪಾದ ಮುಟ್ಟಿ ನೋಡಿದ. ಹೊರಡುವಾಗ ಬಾಗಿಲ ತನಕ ಹೋಗಿ ವಾಪಸು ಬಂದು, "ಅತ್ತೆ, ಊಟ ಆಯ್ತಾ ನಿಮ್ದು?" ಎಂದು ಕೇಳಿದ. ಆಸ್ಪತ್ರೆಗೆ ಬಂದ ಮೇಲೆ ಅವರ ಜತೆ ಆಡಿದ ಮೊದಲ ಮಾತು ಅದು.

ಇನ್ನೂ ಸ್ವಲ್ಪ ದಿನ ಇಟ್ಟುಕೊಂಡೆವು. ಎಡಗಡೆಯ ಗಾಯ ಕೂಡುತ್ತಾ ಬಂತು. ಅಲ್ಲಿಗೂ ಮಗುವನ್ನು ಹಚ್ಚಿದೆವು. ಪ್ರತಿ ಸಲ ಹಾಲು ಕೊಡುವ ಹೊತ್ತಾದರೆ, "ಸಿಸ್ಟರ್, ಬನ್ನಿ" ಎಂದು ಆ ಪರದೆಯ ಹಿಂದಿನಿಂದ ಕರೆ ಬರುವುದು, ನಾನು ಗೊಣಗುತ್ತಾ ಓಡುವುದು ರೂಢಿಯಾಗಿತ್ತು. ಒಂದು ಮಧ್ಯಾಹ್ನ ಹೊತ್ತು ಮೀರಿದರೂ ಕರೆಯಲಿಲ್ಲ. ಕಾದೆ. ಮತ್ತೆ ಬಾಟಲಿಯೇನಾದರೂ ಬಂತೋ ಎಂದು ಸಿಟ್ಟಿನಲ್ಲೇ ಹೋಗಿ ಪರದೆ ಸರಿಸಿದೆ.

ಹೂವಿನಮ್ಮ ಕುರ್ಚಿಯಲ್ಲಿ ಬಾಯಿ ತೆರೆದು ಗಾಢವಾಗಿ ನಿದ್ದೆ ಹೋಗಿದ್ದರು. ಲೋಟ, ಟ್ಯೂಬು ಮುಚ್ಚಿಟ್ಟಲ್ಲೇ ಇದ್ದವು. ಬಾಣಂತಿ ಮಗ್ಗುಲಾಗಿ ಮಲಗಿದ್ದಳು. ಅವಳಿಗೂ ಜೋಂಪು ಹತ್ತಿತ್ತು. ಮಗು ತಾನೇ ಅವಳನ್ನು ಹುಡುಕಿಕೊಂಡು ಹಿಡಿದು, ಯಾರ ಹಂಗೂ ಇಲ್ಲದೆ ಕುಡಿಯುತ್ತಿತ್ತು. ನನ್ನನ್ನು ಕರೆಯಬೇಕೆಂದು ಮೂವರಿಗೂ ನೆನಪೇ ಆಗಿರಲಿಲ್ಲ. ಪರದೆಯನ್ನು ಮೆಲ್ಲಗೆ ಮೊದಲಿನಂತೆ ಎಳೆದು, ನಾನು ಊಟಕ್ಕೆ ಹೋದೆ.